ನೇತ್ರಾಣಿಯಲ್ಲಿ ಸಿಕ್ಕ 140 ಬಾಲಗಳು

ಮುರ್ಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಮೊದಲ ಸಲ ಕ್ಯಾಮೆರಾ ತಗೊಂಡು ಹೋದಾಗ ನೀರೊಳಗೆ 140 ಫೋಟೋ ತೆಗೆದಿದ್ದೆ. ಶಿರಸಿಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಬರೀ ಮೀನಿನ ಬಾಲ, ಸುತ್ತ ಹಸಿರು ನೀರು. "ಇದಕ್ಕೆ ಮುರ್ಡೇಶ್ವರದ ತನಕ ಯಾಕೆ ಹೋದ್ಯೋ, ನಮ್ಮ ತೋಟದ ಕೆರೇಲೇ ತೆಗೀಬಹುದಿತ್ತಲ್ಲ" ಎಂದ ಅಣ್ಣ.

ತಮಾಷೆಗೆ ಅಂದಿದ್ದು. ನಾನು ನಿಜವಾಗಿ ಕಲಿತದ್ದು ಮಾತ್ರ ಆ ಕೆರೆಯಲ್ಲೇ.

ಒಂದು ಕೆಂಪು ಪ್ಲಾಸ್ಟಿಕ್ ಮಗ್ಗಿಗೆ ಕಲ್ಲು ತುಂಬಿ, ಹಗ್ಗ ಕಟ್ಟಿ ನೀರಲ್ಲಿ ಇಳಿಬಿಟ್ಟೆ. ಅಣ್ಣ ದಡದಲ್ಲಿ ಕಾವಲು. ಮಾಸ್ಕ್, ಉಸಿರಾಡುವ ಕೊಳವೆ (ಸ್ನಾರ್ಕೆಲ್) ಹಾಕಿ ಇಳಿದು, ಇಷ್ಟು ಹತ್ತಿರ ಸಾಕು ಎಂದು ಕೈ ಚಾಚಿದರೆ ಮಗ್ ಸಿಗಲೇ ಇಲ್ಲ! ನೀರೊಳಗೆ ಎಲ್ಲವೂ ಕಾಲು ಭಾಗ ಹತ್ತಿರ ಕಾಣುತ್ತದೆ. ಒಂದು ಕೈ ದೂರದಿಂದ ತೆಗೆದ ಫೋಟೋದಲ್ಲಿ ಮಗ್ ಚೊಕ್ಕ, ಎರಡು ಕೈ ದೂರದಿಂದ ತೆಗೆದರೆ ಚಹಾದಲ್ಲಿ ಅದ್ದಿದ ಹಾಗೆ. ಜೂಮ್ ಮಾಡಿದರೂ ನಡುವಿನ ನೀರು ಎಲ್ಲಿ ಹೋಗುತ್ತೆ, ಅಲ್ವಾ? ಫ್ಲ್ಯಾಶ್ ಹಾಕಿದ್ದೇ ಆಲಿಕಲ್ಲು ಮಳೆ. ಕೆದರಿದ ಕೆಸರಿನ ಕಣಗಳೆಲ್ಲ ಬೆಳಕಿಗೆ ಬೆಳ್ಳಗೆ ಹೊಳೆದವು. ಕ್ಯಾಮೆರಾದ್ದೇ ಫ್ಲ್ಯಾಶನ್ನು ಅವತ್ತೇ ಬಂದ್ ಮಾಡಿದೆ.

ಇನ್ನೊಂದು ವಿಷಯ. ಕ್ಯಾಮೆರಾಕ್ಕೆ ನೀರು ತಾಗದ ಹಾಗೆ ಹಾಕುವ ಕೇಸಿನ ರಬ್ಬರ್ ರಿಂಗ್ ಒರೆಸುವಾಗ ಅಡಿಕೆ ಸಿಪ್ಪೆಯ ಒಂದು ನಾರು ಸಿಕ್ಕಿತು. ಕೂದಲಿಗಿಂತ ಸ್ವಲ್ಪ ದಪ್ಪ. ನೀರು ಒಳಗೆ ನುಗ್ಗಿ ಕ್ಯಾಮೆರಾ ಹಾಳಾಗಲು ಅಷ್ಟೇ ಸಾಕು. ಈಗ ಪ್ರತಿ ಸಲ ಖಾಲಿ ಕೇಸನ್ನು ಮೊದಲು ಬಕೆಟ್‌ನಲ್ಲಿ ಅದ್ದಿ ನೋಡುತ್ತೇನೆ.

ಕೆರೆಯಲ್ಲಿ ಕಲಿಯಲಾಗದ್ದು ಬಣ್ಣ. ಜನವರಿಯಲ್ಲಿ ಮತ್ತೆ ನೇತ್ರಾಣಿಗೆ ಹೋದಾಗ ಹತ್ತು ಮೀಟರ್ ಆಳದಲ್ಲಿ ಬೆರಳು ಬಂಡೆಗೆ ತಾಗಿ ಗೀರಿತು. ಬಂದ ರಕ್ತ ಕಪ್ಪು ಹಸಿರು! ನೀರು ಮೊದಲು ನುಂಗುವುದೇ ಕೆಂಪನ್ನು. ಅದಕ್ಕೇ ಆಳ ಬದಲಾದ ಹಾಗೆ ಬಿಳಿ ಸ್ಲೇಟಿಗೆ ಕ್ಯಾಮೆರಾ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿಕೊಂಡೆ, ಅಂದರೆ ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ತೋರಿಸಿಕೊಟ್ಟೆ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್ ಇಟ್ಟುಕೊಂಡರೆ ಆಮೇಲೂ ಸರಿಮಾಡಬಹುದು.

ಈ ಸಲ ಮೀನಿನ ಹಿಂದೆ ಓಡಲಿಲ್ಲ. ಅಟ್ಟಿಸಿಕೊಂಡು ಹೋದರೆ ಅದು ತೋರಿಸುವುದು ಬಾಲವನ್ನೇ ತಾನೇ. ಬಂಡೆಯ ಪಕ್ಕ, ತಳಕ್ಕೆ ತಾಗದ ಹಾಗೆ ಸುಮ್ನೆ ತೇಲುತ್ತಾ ನಿಂತೆ. ಅಲುಗಾಡಬಾರದು ಅಂತ ಉಸಿರು ಕಟ್ಟುವ ಹಾಗಿಲ್ಲ. ಸಿಲಿಂಡರ್ ಗಾಳಿ ಉಸಿರಾಡುವ ಸ್ಕೂಬಾದಲ್ಲಿ ಅದು ಶ್ವಾಸಕೋಶಕ್ಕೇ ಅಪಾಯ. ನಿಧಾನಕ್ಕೆ ಎಳೆದು ಬಿಡುತ್ತಿದ್ದರೆ ಮೈ ಚೂರು ಏರಿ ಇಳಿಯುತ್ತದೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಕರ್ ಕರ್ ಸದ್ದು. ಗಿಳಿಮೀನೊಂದು ಬಂಡೆ ಕೆರೆದು ತಿನ್ನುತ್ತಿತ್ತು. ಅದು ತಿರುಗುವ ತನಕ ಕಾದು, ಸ್ವಲ್ಪ ಕೆಳಗಿನಿಂದ ಮೇಲಿನ ಬೆಳಕಿಗೆ ಹಿಡಿದು ಒತ್ತಿದೆ.

ಅವತ್ತು ತೆಗೆದದ್ದು 31 ಫೋಟೋ. ಗಿಳಿಮೀನಿನ ಕಣ್ಣು, ಕೊಕ್ಕಿನಂಥ ಹಲ್ಲು ಎಲ್ಲಾ ಸ್ಪಷ್ಟ. ಬಾಲ ಮಾತ್ರ ಫ್ರೇಮಿನಿಂದ ಹೊರಗೆ ಹೋಗಿದೆ.