ಹಂಡೆ ತುಂಬುವ ತನಕ

ಮುಂಬೈಯ ಭಾಂಡುಪ್‌ನ ನಮ್ಮ ಭಾನುವಾರದ ಕನ್ನಡ ತರಗತಿಗೆ 5ರಿಂದ 8 ವರ್ಷದ 14 ಮಕ್ಕಳು ಬರುತ್ತಾರೆ. ಅಲ್ಲಿರುವುದು ಒಂದು ಜಮಖಾನೆ, ಒಂದು ಕರಿಹಲಗೆ. ವಾರವಿಡೀ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವೆಂದು ತಿಳಿದ ತಾಯಿಯೊಬ್ಬರು, "ಅಕ್ಷರದ ಜೊತೆಗೆ ಕೋಡಿಂಗನ್ನೂ ಹೇಳಿಕೊಡಿ ಮೇಡಂ" ಎಂದರು. ಕೋಡಿಂಗ್ ಎಂದರೆ ಕಂಪ್ಯೂಟರಿಗೆ ಹೆಜ್ಜೆ ಹೆಜ್ಜೆಯಾಗಿ ಸೂಚನೆ ಬರೆಯುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಅದನ್ನು 6ನೇ ತರಗತಿಯಿಂದ ಶುರುವಾಗುವ ಮಧ್ಯಮ ಹಂತಕ್ಕೆ ಇಟ್ಟಿದೆ, ಇಷ್ಟು ಚಿಕ್ಕವರಿಗೇಕೆ ಅವಸರ ಎಂದು ವಾದಿಸಿದೆ. ಆಮೇಲೆ ನ್ಯೂಜಿಲೆಂಡ್‌ನ ಕಂಪ್ಯೂಟರ್ ವಿಜ್ಞಾನಿ ಟಿಮ್ ಬೆಲ್ ಮತ್ತು ಸಂಗಡಿಗರು ನೆನಪಾದರು. 1990ರ ದಶಕದಿಂದಲೂ ಅವರು ಕಂಪ್ಯೂಟರನ್ನು ಮುಟ್ಟಿಸದೆ, ಚುಕ್ಕಿಯ ಕಾರ್ಡುಗಳನ್ನೂ ನೆಲದ ಮೇಲಿನ ಗೆರೆಗಳನ್ನೂ ಇಟ್ಟುಕೊಂಡು ಅದರ ಹಿಂದಿನ ಯೋಚನೆಗಳನ್ನು ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಹಾಗಾದರೆ ನಾನೂ ಒಂದು ಕೈ ನೋಡೋಣ ಎನಿಸಿ, ಹಬ್ಬಗಳ ಕಥೆಯಲ್ಲಿ ಇದನ್ನು ಹೇಳುವ ಪುಟ್ಟ ಚಿತ್ರಪುಸ್ತಕಗಳನ್ನು ಮಾಡತೊಡಗಿದೆ.

ಹಬ್ಬವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹಬ್ಬದಲ್ಲಿ ಯಾವುದಾದ ಮೇಲೆ ಯಾವುದು ಎಂಬುದು ಮಕ್ಕಳಿಗೆ ಬಾಯಿಪಾಠ. ಕ್ರಮ ತಪ್ಪಿದರೆ ನಾವು ಹೇಳುವ ಮೊದಲೇ ನಗುತ್ತಾರೆ.

ಮೊದಲ ಪುಸ್ತಕ ಗಣೇಶನ ಇಲಿಯದು. ಚೌಕಗಳ ಪುಟದಲ್ಲಿ ಇಲಿ ಮೋದಕದ ತಟ್ಟೆಯನ್ನು ಮುಟ್ಟಬೇಕು, ದಾರಿಯಲ್ಲಿ ಡೋಲಿನವರು, ಬೆಕ್ಕು. ಪುಟಗಳು 14 ಆಗಿದ್ದವು. ಎ4 ಹಾಳೆಯನ್ನು ಮಡಚಿ ಹೊಲಿದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು ಎಂಬುದು ಜೆರಾಕ್ಸ್ ಅಂಗಡಿಯಲ್ಲಿ ನಿಂತ ಮೇಲೆ ಹೊಳೆಯಿತು. ಎರಡು ಪುಟ ಕಿತ್ತು ಮೂರು ಹಾಳೆಗೆ ಇಳಿಸಿದೆ. ಕಥೆ ಅದರಿಂದ ಚೆನ್ನಾಯಿತು, ಅದು ಬೇರೆ ಮಾತು.

ನಿಜವಾದ ಎಡವಟ್ಟು ತರಗತಿಯಲ್ಲಿ ಆಯಿತು. "ಎಡಕ್ಕೆ" ಎಂದು ಬರೆದಿದ್ದೆ. ಕೆಲವರು ಇಲಿಯನ್ನು ಎಡಗಡೆಯ ಚೌಕಕ್ಕೆ ಸರಿಸಿದರು, ಕೆಲವರು ನಿಂತಲ್ಲೇ ತಿರುಗಿಸಿದರು. ಅದೂ ಯಾರ ಎಡ? ಪುಟದಲ್ಲಿ ಇಲಿ ನಮ್ಮತ್ತ ಮುಖ ಮಾಡಿತ್ತು. ತಪ್ಪು ಮಕ್ಕಳದಲ್ಲ, ನನ್ನ ಸೂಚನೆಯದು. ಮರುವಾರ ಜಮಖಾನೆ ಎತ್ತಿ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದೆ, ಮಕ್ಕಳೇ ಇಲಿಗಳಾದರು, ಎಲ್ಲರ ಬಲಗೈಗೂ ಉಳಿದಿದ್ದ ರಾಖಿ ಕಟ್ಟಿದೆ. ಮಾತುಗಳು ಮೂರೇ: ಒಂದು ಹೆಜ್ಜೆ ಮುಂದೆ, ರಾಖಿಯ ಕಡೆ ತಿರುಗು, ಬರಿಗೈ ಕಡೆ ತಿರುಗು. ತಿರುಗಿದರೆ ಚೌಕ ಬದಲಾಗುವುದಿಲ್ಲ. ಅಷ್ಟನ್ನು ನೆಲೆಗೊಳಿಸಲು ಎರಡು ಭಾನುವಾರ ಹಿಡಿಯಿತು. ಅವಸರ ಮಾಡಿದ್ದರೆ ಮುಂದಿನದೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು.

ದೀಪಾವಳಿಗೆ ಎರಡನೆಯ ಪುಸ್ತಕ. ನಮ್ಮ ಕಡೆಯ ನೀರು ತುಂಬುವ ಹಬ್ಬವೇ ಅದರ ಮೊದಲ ಚಿತ್ರ. ಅಜ್ಜಿ ಹಂಡೆಗೆ ನೀರು ಹಾಕುತ್ತಾಳೆ. ಒಂದು ಕೊಡ, ಇನ್ನೊಂದು ಕೊಡ, ಮತ್ತೊಂದು ಕೊಡ ಎಂದು ಬರೆಯುತ್ತ ಹೋದರೆ ಪುಟ ಸಾಲದು. ಅದಕ್ಕೆ "ಹಂಡೆ ತುಂಬುವ ತನಕ: ಒಂದು ಕೊಡ ಸುರಿ" ಎಂದು ಒಂದೇ ಸಾಲು. ಪುನರಾವರ್ತನೆಯನ್ನು ಇಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಬೀಗುತ್ತಿದ್ದೆ.

ಗುಡ್ಡದ ಚಾಳಿನಿಂದ ಬರುವ ಏಳು ವರ್ಷದ ಹುಡುಗಿ ಕೈ ಎತ್ತಿದಳು. "ಟೀಚರ್, ನಲ್ಲಿ ನಿಂತುಹೋದರೆ?"

ಅವಳ ಮನೆಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ನಗರಕ್ಕೆ ನೀರು ಶುದ್ಧೀಕರಿಸಿ ಕೊಡುವ ದೊಡ್ಡ ಘಟಕ ಇರುವುದೂ ಇದೇ ಭಾಂಡುಪ್‌ನಲ್ಲಿ. ನನ್ನ ಸಾಲಿನ ಪ್ರಕಾರ ಅಜ್ಜಿ ಖಾಲಿ ಕೊಡ ಹಿಡಿದು ಹಂಡೆಯ ಮುಂದೆ ನಿಂತೇ ಇರಬೇಕು, ಮುಂದಿನ ದೀಪಾವಳಿಯವರೆಗೂ. ಕಚೇರಿಯಲ್ಲಿ ನಾವು ಅನಂತ ಲೂಪ್, ಅಂದರೆ ಎಂದೂ ನಿಲ್ಲದ ಸುತ್ತು, ಎಂದು ಕರೆಯುವುದು ಇದನ್ನೇ. ಇಂಥದ್ದನ್ನು ಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ! ಮಕ್ಕಳು ಅರ್ಧ ಗಂಟೆ ಜಗಳವಾಡಿ ಸಾಲನ್ನು ತಿದ್ದಿದರು: "ಹಂಡೆ ತುಂಬುವ ತನಕ ಅಥವಾ ನಲ್ಲಿ ನಿಲ್ಲುವ ತನಕ." ಒಬ್ಬ, "ನಿಂತರೆ ಪಕ್ಕದ ಮನೆಯವರನ್ನು ಕೇಳು" ಎಂದು ಸೇರಿಸಿದ. ಅದಕ್ಕೆಂದೇ ಒಂದು ಚಿತ್ರ ಬೇಕೆಂದು ಹಟ ಹಿಡಿದ, ಬರೆಸಿಯೂ ಬಿಟ್ಟ.

ಅಲ್ಲಿಂದ ಪ್ರತಿ ಪುಸ್ತಕದಲ್ಲೂ ಬೇಕೆಂದೇ ಒಂದು ತಪ್ಪು ಇಡುತ್ತೇನೆ: ಹೊಸ ಅಂಗಿ ತೊಟ್ಟ ಮೇಲೆ ಎಣ್ಣೆಸ್ನಾನ, ಹೂರಣ ತುಂಬುವ ಮುನ್ನವೇ ಬೆಂದ ಕಡುಬು. ನಾನು ಇಟ್ಟದ್ದಕ್ಕಿಂತ ಹೆಚ್ಚು ತಪ್ಪುಗಳು ಸಿಗುತ್ತವೆ.

ದೀಪಾವಳಿಯ ಕೊನೆಯ ಪುಟಕ್ಕೆ ಅಮ್ಮನ ರಂಗೋಲಿ ಪುಸ್ತಕ ಒದಗಿತು. ಅದರಲ್ಲಿ ಅಮ್ಮ ಬರೆದುಕೊಂಡಿದ್ದು ಇಷ್ಟೇ: "11ರಿಂದ 6, ಸಂದು ಚುಕ್ಕಿ." ನಡುವಿನ ಸಾಲಿಗೆ 11 ಚುಕ್ಕಿ, ಮೇಲೂ ಕೆಳಗೂ ಹಿಂದಿನ ಸಾಲಿನ ಸಂದುಗಳಲ್ಲಿ ಒಂದೊಂದೇ ಕಡಿಮೆ, 6 ಬಂದಾಗ ನಿಲ್ಲಿಸು. ಮಕ್ಕಳು ಇಟ್ಟು ಎಣಿಸಿದರು, 91 ಚುಕ್ಕಿ. ಫೋನಿನಲ್ಲಿ ಹೇಳಿದಾಗ ಅಮ್ಮ, "ಇದಕ್ಕೂ ಫೀಸು ತೆಗೆದುಕೊಳ್ಳುತ್ತಾರೆಯೇ?" ಎಂದಳು.

ಈಗ ಸಂಕ್ರಾಂತಿಯ ಪುಸ್ತಕ ನಡೆದಿದೆ. ನಾಲ್ಕು ಮಹಡಿ, ಎಂಟು ಮನೆ, ಎಳ್ಳು ಬೀರಲು ಹೊರಟ ಇಬ್ಬರು ಹುಡುಗಿಯರು. ಲಿಫ್ಟ್ ಕೆಟ್ಟಿದ್ದರೆ ಏನು ಮಾಡಬೇಕೆಂಬ ಪುಟವನ್ನು ಈ ಸಲ ಮೊದಲೇ ಖಾಲಿ ಬಿಟ್ಟಿದ್ದೇನೆ.