ಗಿಟಾರ್ ಪಟ್ಟಿಯ ಮೇಲೆ ಹನ್ನೊಂದು ಮಾಧ್ಯಗಳು: ನನ್ನ ಅನುಭವ

ನಾನು ಮರಗೆಲಸದವನು. ಮೈಸೂರಿನಲ್ಲಿ ಬಾಗಿಲು, ಕಿಟಕಿ, ಬೀರು ಮಾಡಿಕೊಂಡೇ ಇಪ್ಪತ್ತು ವರ್ಷ ಆಯಿತು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗುಣೋತ್ತರ ಶ್ರೇಢಿ ಅನ್ನುವ ಹೆಸರು ಶಾಲೆಯಲ್ಲಿ ಕೇಳಿದ ನೆನಪಿತ್ತು, ಅಷ್ಟೇ. ಅದು ನನ್ನ ಕೈಗೆ ಬಂದದ್ದು ಮಗಳ ಗಿಟಾರಿನಿಂದ.

ಮಗಳು ಮೊದಲ ಪಿಯುಸಿ. ಯಾರೋ ಕೊಟ್ಟ ಹಳೇ ಗಿಟಾರ್ ಇಟ್ಟುಕೊಂಡಿದ್ದಳು. ಮಳೆಗಾಲದಲ್ಲಿ ನೀರು ಕುಡಿದು ಅದರ ಫ್ರೆಟ್ ಪಟ್ಟಿ ಉಬ್ಬಿತು, ಅರ್ಧ ಫ್ರೆಟ್ಟುಗಳು, ಅಂದರೆ ಸ್ವರ ಹಿಡಿಯಲು ತಂತಿ ಒತ್ತುವ ಲೋಹದ ಅಡ್ಡಕಡ್ಡಿಗಳು, ಉದುರಿದವು. ಬೀಟೆಮರದ ಒಂದು ತುಂಡು ಇತ್ತು. ಹೊಸ ಪಟ್ಟಿ ನಾನೇ ಮಾಡಿಕೊಡುತ್ತೇನೆ ಅಂದೆ. ಮರ ಹದ ಮಾಡುವುದು, ತೋಪಡಾ ಹೊಡೆಯುವುದು, ಅಂಟಿಸುವುದು ಎಲ್ಲ ಗೊತ್ತಿತ್ತು. ಫ್ರೆಟ್ ಎಲ್ಲೆಲ್ಲಿ ಕೂರಬೇಕು ಅನ್ನುವುದೊಂದೇ ಗೊತ್ತಿರಲಿಲ್ಲ. ಹಳೇ ಪಟ್ಟಿ ಉಬ್ಬಿದ್ದರಿಂದ ಅದರ ಅಳತೆ ನಂಬುವ ಹಾಗಿರಲಿಲ್ಲ.

ಗೊತ್ತಿದ್ದದ್ದು ಎರಡೇ. ತಲೆಯ ಕಡೆ ತಂತಿ ಕೂರುವ ನಟ್‌ನಿಂದ ಕೆಳಗಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ 650 ಮಿ.ಮೀ. ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, ಅಂದರೆ ಬ್ರಿಡ್ಜ್‌ನಿಂದ 325. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಕೆಳಗಿನ ಸ ಹೋಗಿ ಮೇಲಿನ ಸ ಬರುತ್ತದೆ. ನಡುವೆ ಹನ್ನೊಂದು ಫ್ರೆಟ್ ಕೂರಿಸಬೇಕು.

ಬಡಗಿಯ ಕೈ ಮೊದಲು ಸಮಭಾಗಕ್ಕೇ ಹೋಗುತ್ತದೆ. 325 ಅನ್ನು 12ರಿಂದ ಭಾಗಿಸಿದೆ. ಒಂದೊಂದಕ್ಕೆ 27 ಮಿ.ಮೀ. ಚಿಲ್ಲರೆ. ಒಂದು ಚೂರು ಪ್ಲೈ ಮೇಲೆ ಗೀಟು ಹಾಕಿ ತೋರಿಸಿದೆ. ಮಗಳು ನೋಡಿದ ತಕ್ಷಣ, "ಅಪ್ಪಾ, ಇದು ಆಗಲ್ಲ. ಗಿಟಾರಿನಲ್ಲಿ ತಲೆಯ ಕಡೆ ಸಂದು ದೊಡ್ಡದು, ಕೆಳಗೆ ಬರ್ತಾ ಬರ್ತಾ ಚಿಕ್ಕದು ಅಲ್ವಾ?" ಅಂದಳು. ಸರಿ ಅನ್ನಿಸಿತು. ಸಮಭಾಗ ಅಂದರೆ ಸಮಾಂತರ ಶ್ರೇಢಿ, ಪ್ರತಿ ಸಲ ಅಷ್ಟೇ ಕಳೆಯುವುದು. ಸ್ವರಕ್ಕೆ ಬೇಕಾದದ್ದು ಅದಲ್ಲ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಹೋದಾಗ ತಂತಿಯ ಉದ್ದ ಪ್ರತಿ ಸಲ ಒಂದೇ ಪಾಲಿನಷ್ಟು ಕುಗ್ಗಬೇಕು. ಇಷ್ಟು ಮಿ.ಮೀ. ಅಂತ ಅಲ್ಲ, ಇಷ್ಟರಿಂದ ಗುಣಿಸು ಅಂತ. ಅದೇ ಗುಣೋತ್ತರ ಶ್ರೇಢಿ. ಕಿವಿ ವ್ಯತ್ಯಾಸವನ್ನು ಅಳೆಯುವುದಿಲ್ಲ, ಅನುಪಾತವನ್ನು ಅಳೆಯುತ್ತದೆ.

ಅವಳ ಪುಸ್ತಕದಲ್ಲಿ ಇದೇ ಬಗೆಯ ಲೆಕ್ಕ ಇತ್ತು. ಎರಡು ಸಂಖ್ಯೆ ಕೊಟ್ಟು, ನಡುವೆ ಇಷ್ಟು ಸಂಖ್ಯೆ ಸೇರಿಸಿ ಗುಣೋತ್ತರ ಶ್ರೇಢಿ ಆಗುವಂತೆ ಮಾಡಿ ಅನ್ನುವುದು. ಉದಾಹರಣೆಗೆ 3 ಮತ್ತು 48ರ ನಡುವೆ ಮೂರು ಸಂಖ್ಯೆ. 3ರಿಂದ 48ಕ್ಕೆ ಹೋಗಲು 16ರಿಂದ ಗುಣಿಸಬೇಕು. ಅದನ್ನು ಒಂದೇ ಸಲ ಅಲ್ಲ, ನಾಲ್ಕು ಹೆಜ್ಜೆಯಲ್ಲಿ ಮಾಡಬೇಕು. ಹಾಗಾದರೆ ಒಂದು ಹೆಜ್ಜೆ 16ರ ನಾಲ್ಕನೇ ಮೂಲ, ಅಂದರೆ 2. ಉತ್ತರ 6, 12, 24. ಹೀಗೆ ನಡುವೆ ಸೇರಿಸಿದ ಸಂಖ್ಯೆಗಳೇ ಗುಣೋತ್ತರ ಮಾಧ್ಯಗಳು. ಅನುಪಾತ −2 ಆದರೂ ಲೆಕ್ಕ ಸರಿ, ಆಗ −6, 12, −24 ಬರುತ್ತದೆ. ಪರೀಕ್ಷೆಯಲ್ಲಿ ಎರಡೂ ಬರೆಯಬೇಕು. ಮರದ ಮೇಲೆ ಮೈನಸ್ ಉದ್ದ ಇಲ್ಲ, ಒಂದೇ ಉತ್ತರ.

ನನ್ನ ಲೆಕ್ಕವೂ ಅದೇ ಆಯಿತು: 650 ಮತ್ತು 325ರ ನಡುವೆ ಹನ್ನೊಂದು ಗುಣೋತ್ತರ ಮಾಧ್ಯಗಳನ್ನು ಸೇರಿಸು. ಇಲ್ಲಿ ನಾನು ತಪ್ಪಿದೆ. ಹನ್ನೊಂದು ಫ್ರೆಟ್ ಅಂತ 11ನೇ ಮೂಲ ತೆಗೆದೆ. ಮೊದಲ ಫ್ರೆಟ್ ಬ್ರಿಡ್ಜ್‌ನಿಂದ 610.3 ಬಂತು. ಅದರಂತೆ ಒಂದು ಚೂರು ತೇಗದ ಮೇಲೆ ಎಲ್ಲ ಗುರುತು ಹಾಕಿದೆ. ಹನ್ನೊಂದನೇ ಗೀಟೇ 325ಕ್ಕೆ ಬಂದು ಕೂತಿತು. ಹನ್ನೆರಡನೆಯದಕ್ಕೆ ಜಾಗವೇ ಇಲ್ಲ. ಆಗ ನನಗೆ ನನ್ನ ಬೀರುವೇ ನೆನಪಾಯಿತು. ಬೀರುವಿನೊಳಗೆ ಮೂರು ಹಲಗೆ ಹಾಕಿದರೆ ಖಾನೆ ನಾಲ್ಕು. ಹನ್ನೊಂದು ಮಾಧ್ಯ ಹಾಕಿದರೆ ಸಂದು ಹನ್ನೆರಡು. ಮೂಲ ತೆಗೆಯಬೇಕಾದದ್ದು ಸಂದಿನ ಲೆಕ್ಕದಲ್ಲಿ, ಹಲಗೆಯ ಲೆಕ್ಕದಲ್ಲಲ್ಲ. ಈ ವಿಷಯದಲ್ಲಿ ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಮಗಳ ಗೆಳತಿಯರಿಗೂ ನಾನು ಬೀರು ತೋರಿಸಿಯೇ ಹೇಳಿಕೊಟ್ಟೆ.

ಅರ್ಧದ ಹನ್ನೆರಡನೇ ಮೂಲ 0.943874. ಇದೇ ಸಾಮಾನ್ಯ ಅನುಪಾತ. 650 × 0.943874 ಮಾಡಿದರೆ 613.52. ಮೊದಲ ಫ್ರೆಟ್ ಅಲ್ಲಿ. ಮತ್ತೆ ಗುಣಿಸಿದರೆ ಎರಡನೆಯದು. ಬೇರೆ ಯಾವ ಫ್ರೆಟ್ ಬೇಕಾದರೂ ನೇರವಾಗಿ ತೆಗೆಯಬಹುದು. ಪುಸ್ತಕದಲ್ಲಿ ಪದದ ಸಂಖ್ಯೆಯಿಂದ ಒಂದು ಕಳೆದು ಘಾತ ಹಾಕು ಅಂತಿದೆ. ಇಲ್ಲಿ ನಟ್ ಇರುವ ಜಾಗವೇ ಮೊದಲ ಪದ. ಹಾಗಾಗಿ ಐದನೇ ಫ್ರೆಟ್ ಆರನೇ ಪದ, ಘಾತ 5. ಫ್ರೆಟ್ಟಿನ ನಂಬರೇ ಘಾತ.

ಫೋನಿನಲ್ಲಿ ಒತ್ತಿದರೆ ಉತ್ತರ ಬಂದುಬಿಡುತ್ತದೆ. ಆದರೆ ಯಂತ್ರ ಹೇಳಿದ್ದನ್ನು ಸುಮ್ನೆ ಮರಕ್ಕೆ ಇಳಿಸಲು ನನಗೆ ಮನಸ್ಸಾಗಲಿಲ್ಲ. ಬೀಟೆಮರ ಒಂದೇ ತುಂಡು ಇತ್ತು. ಬೇರೆ ದಾರಿಯಲ್ಲೂ ಅದೇ ಬರುತ್ತದಾ ನೋಡಬೇಕು ಅನ್ನಿಸಿತು.

ಗುಣೋತ್ತರ ಮಾಧ್ಯವನ್ನು ಗೀಟು ಹಾಕಿಯೇ ತೆಗೆಯಬಹುದು. ಪ್ಲೈ ಹಾಳೆಯ ಮೇಲೆ ಒಂದು ನೇರ ಗೀಟು ಎಳೆದು 650 ಗುರುತಿಸಿದೆ, ಅದರ ತುದಿಯಿಂದ ಮುಂದಕ್ಕೆ 325. ಒಟ್ಟು 975. ಅದರ ಅರ್ಧ 487.5, ಅಲ್ಲಿ ಮೊಳೆ ಹೊಡೆದೆ. ದಾರ ಕಟ್ಟಿ ವೃತ್ತ ಎಳೆದರೆ ದಾರ ಜಗ್ಗುತ್ತದೆ. ಅದಕ್ಕೆ ಒಂದು ರೀಪರ್ ಪಟ್ಟಿಗೆ ಎರಡು ತೂತು ಕೊರೆದು, ಒಂದನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದರಲ್ಲಿ ಪೆನ್ಸಿಲ್ ಇಟ್ಟು ಅರ್ಧವೃತ್ತ ಎಳೆದೆ. ಆಮೇಲೆ 650 ಮುಗಿದು 325 ಶುರುವಾಗುವ ಬಿಂದುವಿನಲ್ಲಿ ಮೂಲೆಮಟ್ಟ ಇಟ್ಟು ನೇರ ಮೇಲಕ್ಕೆ ಗೀಟು. ಅದು ಅರ್ಧವೃತ್ತಕ್ಕೆ ತಾಗುವವರೆಗಿನ ಎತ್ತರ ಅಳೆದೆ. ಸ್ಟೀಲ್ ಸ್ಕೇಲಿನಲ್ಲಿ 459 ದಾಟಿ ಅರ್ಧದ ಗೀಟಿನ ಹತ್ತಿರ. ಲೆಕ್ಕ: 650 × 325 = 2,11,250. ಅದರ ವರ್ಗಮೂಲ 459.62. ಆರನೇ ಫ್ರೆಟ್!

ಯಾಕೆ ಹೀಗೆ ಬರುತ್ತದೆ ಅಂದರೆ, ಅರ್ಧವೃತ್ತದೊಳಗೆ ವ್ಯಾಸದ ಮೇಲೆ ಕೂತ ತ್ರಿಕೋನಕ್ಕೆ ಮೇಲಿನ ಮೂಲೆ ಲಂಬಕೋನ. ಆ ಎತ್ತರದ ಗೀಟು ಅದನ್ನು ಒಂದೇ ಆಕಾರದ ಎರಡು ತ್ರಿಕೋನಗಳಾಗಿ ಸೀಳುತ್ತದೆ. ಹಾಗಾಗಿ 650ಕ್ಕೆ ಎತ್ತರ ಹೇಗೋ, ಎತ್ತರಕ್ಕೆ 325 ಹಾಗೆ. ನಡುವಿನ ಪದ ಅಂದರೆ ಅದೇ ತಾನೆ.

ಆ ಚಿತ್ರದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಅರ್ಧವೃತ್ತದ ತ್ರಿಜ್ಯ 487.5, ಅದು ಸಮಾಂತರ ಮಾಧ್ಯ, ಅಂದರೆ ಎರಡರ ಮೊತ್ತದ ಅರ್ಧ. ನಮ್ಮ ಗೀಟು ಅದಕ್ಕಿಂತ ಗಿಡ್ಡ. ಎರಡು ಬೇರೆ ಬೇರೆ ಉದ್ದ ಯಾವುದೇ ಇರಲಿ, ಗುಣೋತ್ತರ ಮಾಧ್ಯ ಯಾವಾಗಲೂ ಗಿಡ್ಡವೇ. ಅದು ತ್ರಿಜ್ಯಕ್ಕಿಂತ ಎತ್ತರ ಹೋಗಲು ಸಾಧ್ಯವೇ ಇಲ್ಲವಲ್ಲ.

ಈ 487.5 ಅನ್ನು ನಾನು ಸುಮ್ನೆ ಬಿಡಲಿಲ್ಲ. ಅಷ್ಟು ಉದ್ದದ ತಂತಿ ನುಡಿಸಿದರೆ ಯಾವ ಸ್ವರ ಬರುತ್ತದೆ? ಪೂರ್ತಿ ತಂತಿಯ ಮುಕ್ಕಾಲು ಭಾಗ ಅದು. ಮುಕ್ಕಾಲಿನಲ್ಲಿ ಬರುವುದು ಶುದ್ಧ ಮಧ್ಯಮ. ಐದನೇ ಫ್ರೆಟ್‌ನ ಲೆಕ್ಕ 486.95, ಅದಕ್ಕೆ ಅರ್ಧ ಮಿ.ಮೀ. ಹತ್ತಿರ. ಆರನೇ ಫ್ರೆಟ್, ಗುಣೋತ್ತರ ಮಾಧ್ಯ, ಅದು ಪ್ರತಿ ಮಧ್ಯಮದ ಜಾಗ. ಪುಸ್ತಕದಲ್ಲಿ ಮೂರನೇ ಮಾಧ್ಯ ಒಂದಿದೆ, ಹರಾತ್ಮಕ ಮಾಧ್ಯ. ಎರಡರ ಗುಣಲಬ್ಧವನ್ನು ಎರಡರಿಂದ ಗುಣಿಸಿ, ಮೊತ್ತದಿಂದ ಭಾಗಿಸುವುದು. 4,22,500 ಭಾಗಿಸು 975, ಬಂದದ್ದು 433.33. ಇದು 650ರ ಮೂರನೇ ಎರಡು ಭಾಗ. ಅಲ್ಲಿರುವುದು ಪಂಚಮ! ಏಳನೇ ಫ್ರೆಟ್ ಲೆಕ್ಕದಲ್ಲಿ 433.82.

ಮೂರು ಮಾಧ್ಯಗಳು, ಪಕ್ಕಪಕ್ಕದ ಮೂರು ಫ್ರೆಟ್. ಮ, ಪ್ರತಿ ಮ, ಪ. ಆ ರಾತ್ರಿ ಮಗಳನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತು. ಬೆಳಿಗ್ಗೆವರೆಗೆ ಕಾದೆ. ಅವಳು ಇನ್ನೊಂದು ಹೇಳಿದಳು: ಸಮಾಂತರ ಮಾಧ್ಯವನ್ನೂ ಹರಾತ್ಮಕ ಮಾಧ್ಯವನ್ನೂ ಗುಣಿಸಿದರೆ ಗುಣೋತ್ತರ ಮಾಧ್ಯದ ವರ್ಗ ಬರುತ್ತದೆ ಅಂತ ಪಾಠದಲ್ಲಿದೆ. ಗುಣಿಸಿ ನೋಡಿದೆವು. ಮತ್ತೆ 2,11,250ಕ್ಕೇ ಬಂತು. ಅಂದರೆ ಮ ಮತ್ತು ಪ ನಡುವಿನ ಗುಣೋತ್ತರ ಮಾಧ್ಯವೂ ಅದೇ ಆರನೇ ಫ್ರೆಟ್.

ಆರನೇ ಫ್ರೆಟ್ ಸಿಕ್ಕ ಮೇಲೆ ಮೂರನೆಯದು ಸುಲಭ. 650 ಮತ್ತು 459.62ರ ಮಾಧ್ಯ 546.58. ಒಂಬತ್ತು, 459.62 ಮತ್ತು 325ರ ಮಾಧ್ಯ, 386.49. ನಾಲ್ಕು ಮತ್ತು ಎಂಟಕ್ಕೆ ಬಂದಾಗ ಕೈವಾರ ನಿಂತಿತು. 650 ಮತ್ತು 325ರ ನಡುವೆ ಎರಡು ಮಾಧ್ಯ ಬೇಕು, ಅದಕ್ಕೆ ಘನಮೂಲ ಬೇಕು. ಗೆರೆಪಟ್ಟಿ ಮತ್ತು ಕೈವಾರ ಎರಡರಿಂದಲೇ 2ರ ಘನಮೂಲ ಎಳೆಯಲು ಆಗುವುದಿಲ್ಲ. ಗ್ರೀಕರು ಬಲಿಪೀಠದ ಘನವನ್ನು ಇಮ್ಮಡಿ ಮಾಡುವ ಲೆಕ್ಕ ಅಂತ ಇದನ್ನೇ ಹಿಡಿದು ಕಷ್ಟಪಟ್ಟರು. ಆಗುವುದೇ ಇಲ್ಲ ಅಂತ ಫ್ರಾನ್ಸಿನ ಗಣಿತಜ್ಞ ವಾಂಟ್ಸೆಲ್ ಸಾಧಿಸಿದ್ದು 1837ರಲ್ಲಿ. ಅದಕ್ಕೆ ಇಲ್ಲಿ ಫೋನನ್ನೇ ಹಿಡಿದೆ: 515.91 ಮತ್ತು 409.47. ಮೂರು ಮತ್ತು ನಾಲ್ಕು ಪಕ್ಕಪಕ್ಕ ಸಿಕ್ಕವಲ್ಲ, ಭಾಗಿಸಿದೆ. 515.91 ಭಾಗಿಸು 546.58, ಬಂದದ್ದು 0.9439. ಅದೇ ಅನುಪಾತ. ಎರಡು ದಾರಿಯೂ ಒಂದೇ ಕಡೆ ಬಂದು ಸೇರಿದವು. ಚೀನಾದ ಝು ಝೈಯು ಎಂಬ ರಾಜಕುಮಾರ 1584ರಲ್ಲಿ ಇದೇ ಅನುಪಾತ ತೆಗೆದದ್ದೂ ಹೀಗೆ, 2ಕ್ಕೆ ಎರಡು ಸಲ ವರ್ಗಮೂಲ, ಆಮೇಲೆ ಒಂದು ಘನಮೂಲ.

ಹಳೇ ಕಾಲದ ವಾದ್ಯ ಮಾಡುವವರು ಇಷ್ಟು ಮೂಲ ತೆಗೆಯುತ್ತಿರಲಿಲ್ಲ. ಉಳಿದ ಉದ್ದದ ಹದಿನೆಂಟನೇ ಒಂದು ಭಾಗ ಬಿಡು, ಫ್ರೆಟ್ ಹಾಕು, ಮತ್ತೆ ಉಳಿದದ್ದರ ಹದಿನೆಂಟನೇ ಒಂದು ಭಾಗ ಬಿಡು. ಗೆಲಿಲಿಯೋನ ತಂದೆ ವಿನ್ಚೆಂಝೊ ಗೆಲಿಲಿ 1581ರಲ್ಲಿ ಈ 18ಕ್ಕೆ 17ರ ಲೆಕ್ಕ ಬರೆದಿದ್ದಾನೆ. ಅದರಲ್ಲಿ ಹನ್ನೆರಡನೇ ಫ್ರೆಟ್ ಎಲ್ಲಿಗೆ ಹೋಗುತ್ತದೆ ನೋಡೋಣ ಅಂತ ಕೈಯಲ್ಲೇ ಲೆಕ್ಕಕ್ಕೆ ಕೂತೆ. ಹನ್ನೆರಡು ಸಲ ಗುಣಿಸಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಒಂದು ಉಪಾಯ ಇದೆ. ಘಾತ ಸಮ ಇದ್ದರೆ ಅರ್ಧ ಮಾಡಿ ಸೊನ್ನೆ ಬರೆ, ಬೆಸ ಇದ್ದರೆ ಒಂದು ಕಳೆದು 1 ಬರೆ. 12, 6, 3, 2, 1 ಅಂತ ಇಳಿಯುತ್ತದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬಾ. 1 ಕಂಡಲ್ಲಿ ಅನುಪಾತದಿಂದ ಗುಣಿಸು, ಸೊನ್ನೆ ಕಂಡಲ್ಲಿ ವರ್ಗ ಮಾಡು. 0.94444, ಅದರ ವರ್ಗ 0.89198, ಅದಕ್ಕೆ ಮತ್ತೊಮ್ಮೆ ಅನುಪಾತ ಗುಣಿಸಿದರೆ 0.84242, ವರ್ಗ 0.70967, ವರ್ಗ 0.50364. ನಾಲ್ಕೇ ಗುಣಾಕಾರ! 650ರಿಂದ ಗುಣಿಸಿದರೆ 327.4. ಅರ್ಧಕ್ಕೆ ಬರಬೇಕಾದ ಫ್ರೆಟ್ 2.4 ಮಿ.ಮೀ. ಮೇಲೆಯೇ ನಿಲ್ಲುತ್ತದೆ. ತಂತಿ ಒತ್ತಿದಾಗ ಅದು ಸ್ವಲ್ಪ ಬಿಗಿಯಾಗಿ ಸ್ವರ ಏರುತ್ತದೆ. ಹಾಗಾಗಿ ಆ ತಪ್ಪು ಒಂದಷ್ಟು ಮುಚ್ಚಿಹೋಗುತ್ತಿತ್ತು.

ಲೆಕ್ಕ ಮುಗಿದ ಮೇಲೆ ಗುರುತು ಹಾಕುವ ಕೆಲಸ. ಇಲ್ಲಿ ಒಂದೇ ಮಾತು ಹೇಳುತ್ತೇನೆ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯಬೇಡಿ. ಒಂದೊಂದು ಸಂದಿನಲ್ಲಿ ಕಣ್ಣು 0.2 ಮಿ.ಮೀ. ತಪ್ಪಿದರೂ ಹನ್ನೆರಡಕ್ಕೆ 2.4 ಆಗುತ್ತದೆ. ಸ್ಕೇಲನ್ನು ನಟ್‌ಗೆ ಒತ್ತಿ ಹಿಡಿದು, ಅಲ್ಲಾಡಿಸದೆ, ಎಲ್ಲ ಗುರುತೂ ಅಲ್ಲಿಂದಲೇ ಹಾಕಬೇಕು. 36.5, 70.9, 103.4, 134.1, 163.1, 190.4, ಹೀಗೆ 325ರವರೆಗೆ, ಅದರಾಚೆಯ ಫ್ರೆಟ್ಟುಗಳಿಗೂ ಹೀಗೇ. ಪೆನ್ಸಿಲ್ ಬೇಡ, ಗೀಟೇ ಅರ್ಧ ಮಿ.ಮೀ. ದಪ್ಪ ಇರುತ್ತದೆ. ನಾನು ಚೂಪಾದ ಚಾಕುವಿನಲ್ಲಿ ಗೀರಿದೆ, ಆ ಗೀರಿಗೇ ಗರಗಸ ಕೂರಿಸಿದೆ.

ಸಂದುಗಳೂ ಗುಣೋತ್ತರ ಶ್ರೇಢಿಯೇ, ಅನುಪಾತವೂ ಅದೇ. ಮೊದಲ ಸಂದು 36.48, ಹದಿಮೂರನೆಯದು ಸರಿಯಾಗಿ ಅರ್ಧ, 18.24. ಕೊಯ್ಯುವ ಮುಂಚೆ ಈ ಎರಡನ್ನು ಅಳೆದು ನೋಡಿದರೆ ದೊಡ್ಡ ತಪ್ಪೇನಾದರೂ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವೀಣೆ ರಿಪೇರಿ ಮಾಡುವ ಹಿರಿಯರೊಬ್ಬರು ನಮ್ಮ ಬೀದಿಗೆ ಬರುತ್ತಾರೆ. ಅವರಿಗೆ ಪಟ್ಟಿ ತೋರಿಸಿದೆ. ವೀಣೆಯಲ್ಲಿ ಇಪ್ಪತ್ನಾಲ್ಕು ಹಿತ್ತಾಳೆ ಮೆಟ್ಟಿಲು, ಎಲ್ಲವನ್ನೂ ಮೇಣದ ಮೇಲೆ ಕೂರಿಸುತ್ತಾರೆ. ಮೇಣ ಬೆಚ್ಚಗಿರುವಾಗ ಮೀಟಿ ಮೀಟಿ ಕಿವಿಯಿಂದಲೇ ಜಾಗ ಹಿಡಿಯುತ್ತಾರೆ. "ನಿಮ್ದು ಮರಕ್ಕೆ ಕೊಯ್ದ ಗೀಟು ಕಣಪ್ಪ, ಆಮೇಲೆ ಸರಿಸೋಕೆ ಆಗಲ್ಲ. ಅದಕ್ಕೆ ಲೆಕ್ಕ ಬೇಕೇ ಬೇಕು," ಅಂದರು. ಐದು ಮತ್ತು ಏಳರ ಮೇಲೆ ಬೆರಳಿಟ್ಟು, ಮುಕ್ಕಾಲು ಮತ್ತು ಮೂರರಲ್ಲಿ ಎರಡು ಇಲ್ಲೇ ಪಕ್ಕದಲ್ಲಿ ಅಲ್ವಾ ಅಂತ ಕೇಳಿದರು. ನಾನು ಮೂರು ರಾತ್ರಿ ಕೂತು ತೆಗೆದದ್ದು ಅವರ ಬೆರಳಿಗೆ ಗೊತ್ತಿತ್ತು.

ಪಟ್ಟಿ ಅಂಟಿಸಿ, ಫ್ರೆಟ್ ಬಡಿದು, ಒತ್ತಿದಾಗ ಸ್ವರ ಏರುವುದನ್ನು ಸರಿದೂಗಿಸಲು ಬ್ರಿಡ್ಜನ್ನು ಒಂದೆರಡು ಮಿ.ಮೀ. ಹಿಂದಕ್ಕೆ ಸರಿಸಿ ತಂತಿ ಕಟ್ಟಿದೆವು. ಮಗಳು ಮೊದಲು ಹನ್ನೆರಡನೇ ಫ್ರೆಟ್ ಮೇಲೆ ಬೆರಳನ್ನು ಬರೀ ತಾಗಿಸಿ ಮೀಟಿದಳು, ಆಮೇಲೆ ಒತ್ತಿ ಮೀಟಿದಳು. ಎರಡೂ ಒಂದೇ ಸ್ವರ. ಆಮೇಲೆ ಐದು, ಆರು, ಏಳು ಒಂದಾದ ಮೇಲೊಂದು ಒತ್ತಿ, "ಅಪ್ಪಾ, ಇದು ಸಮಾಂತರ, ಇದು ಗುಣೋತ್ತರ, ಇದು ಹರಾತ್ಮಕ," ಅಂದಳು.