ಪಫಿನ್ ನೋಡಲು ಕಣ್ಣು ನೀರಿನ ಮೇಲಿರಲಿ

ಯುರೋಪಿನ ಉತ್ತರದಂಚಿನ ನಾರ್ತ್ ಕೇಪ್ ನೋಡುವವರನ್ನು ಹೊತ್ತ ಕ್ರೂಸ್ ಹಡಗುಗಳು ನಾರ್ವೆಯ ಹೊನ್ನಿಂಗ್ಸ್‌ವೋಗ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಸ್ಸಿನಲ್ಲಿ ಯೆಸ್ವಾರ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ, ಎದುರಿನ ಸ್ಟಾಪನ್ ದ್ವೀಪಗಳನ್ನು ಸುತ್ತುವ ದೋಣಿ ಹತ್ತಬೇಕು. ಬಣ್ಣದ ಕೊಕ್ಕಿನ ಪುಟ್ಟ ಕಡಲಹಕ್ಕಿಗಳಾದ ಪಫಿನ್‌ಗಳು ಏಪ್ರಿಲ್ ಮಧ್ಯದಲ್ಲಿ ಬಂದು ಆಗಸ್ಟ್ ಹೊತ್ತಿಗೆ ನಡುಗಡಲಿಗೆ ಹೊರಟುಬಿಡುತ್ತವೆ. ಹಾಗಾಗಿ ನಾನು ಜೂನ್, ಜುಲೈ ಬಿಟ್ಟು ಬೇರೆ ತಿಂಗಳ ಹಡಗು ಹಿಡಿಯುವುದಿಲ್ಲ.

ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್ ಸಾಕು. 10x ಹಿಡಿದರೆ ದೋಣಿಯ ಓಲಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಬಸ್ಸು ಹತ್ತುವ ಮೊದಲೇ ನುಂಗುತ್ತೇನೆ. ತಲೆ ಸುತ್ತಲು ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ದೋಣಿಯ ಮೂತಿಗಿಂತ ಹಿಂಭಾಗ ಕಡಿಮೆ ಕುಣಿಯುತ್ತದೆ, ನಿಲ್ಲಲು ಅದೇ ಒಳ್ಳೆಯದು.

ಹೊಸಬರೆಲ್ಲ ಕಡಿದಾದ ಬಂಡೆಯನ್ನೇ ದಿಟ್ಟಿಸುತ್ತಾರೆ. ಪಫಿನ್ ಗೂಡು ಮಾಡುವುದು ಮೇಲಿನ ಹುಲ್ಲುಮಣ್ಣಿನ ಬಿಲದಲ್ಲಿ. ಹತ್ತಿರದಿಂದ ಸಿಗುವುದು ನೀರಿನ ಮೇಲೆ, ಗುಂಪುಗುಂಪಾಗಿ. ದೋಣಿ ಸಮೀಪಿಸಿದರೆ ಒಂದಷ್ಟು ಮುಳುಗುತ್ತವೆ, ಉಳಿದವು ನೀರಿನ ಮೇಲೆ ಓಡಿ ಮೇಲೇಳುತ್ತವೆ. ಕಿತ್ತಳೆ ಕಾಲು ಪಟಪಟನೆ ನೀರು ಒದೆಯುವ ಆ ಕ್ಷಣವೇ ಫೋಟೋಗೆ ಹೇಳಿಮಾಡಿಸಿದ್ದು. ಹಾರತೊಡಗಿದರೆ ನಿಮಿಷಕ್ಕೆ ಸುಮಾರು 400 ಸಲ ರೆಕ್ಕೆ ಬಡಿಯುವ ಹಕ್ಕಿ. ಕ್ಯಾಮೆರಾದ ಶಟರ್ ವೇಗ 1/2500 ಸೆಕೆಂಡಿಗಿಂತ ನಿಧಾನವಾದರೆ ರೆಕ್ಕೆ ಮಸುಕಾಗುತ್ತದೆ. ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್ಒ ಆಟೋದಲ್ಲಿರಲಿ. 100–400 ಮಿ.ಮೀ. ಜೂಮ್ ಲೆನ್ಸ್ ಇದ್ದರೆ ಮೊದಲು 200ರಲ್ಲಿ ಹಕ್ಕಿಯನ್ನು ಚೌಕಟ್ಟಿಗೆ ತಂದುಕೊಂಡು ಆಮೇಲೆ ಹತ್ತಿರಕ್ಕೆ ಎಳೆಯುವುದು ನನ್ನ ಕ್ರಮ.

ಪಫಿನ್ ಜೊತೆ ಬೇರೆ ಕಡಲಹಕ್ಕಿಗಳೂ ಇರುತ್ತವೆ, ದೂರದಲ್ಲಿ ಎಲ್ಲವೂ ಕಪ್ಪು-ಬಿಳುಪು. ಕೊಕ್ಕು ನೋಡಿ: ಚೂಪಾಗಿ ತೆಳ್ಳಗಿದ್ದರೆ ಗಿಲಿಮಾಟ್, ದಪ್ಪಗಿದ್ದು ಅಡ್ಡ ಬಿಳಿ ಗೆರೆಯಿದ್ದರೆ ರೇಜರ್‌ಬಿಲ್. ಮೈಯೆಲ್ಲ ಕಪ್ಪಿದ್ದು ರೆಕ್ಕೆಯಲ್ಲಿ ಬಿಳಿ ಪಟ್ಟೆ, ಕೆಂಪು ಕಾಲು ಕಂಡರೆ ಅದು ಬ್ಲ್ಯಾಕ್ ಗಿಲಿಮಾಟ್.

ಬಂಡೆಯ ಮೇಲಿನ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದರೆ ಬೈನಾಕ್ಯುಲರ್ ಇಳಿಸಿ ಬರಿಗಣ್ಣಲ್ಲಿ ಆಕಾಶ ಹುಡುಕಿ. ಬಿಳಿಬಾಲದ ಕಡಲ ಹದ್ದು ಅಲ್ಲೇ ಇರುತ್ತದೆ. ನಮ್ಮ ನೇತ್ರಾಣಿ ದ್ವೀಪದ ಬಿಳಿಹೊಟ್ಟೆಯ ಕಡಲ ಹದ್ದಿನ ದೊಡ್ಡ ಸೋದರಸಂಬಂಧಿ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು. ದೋಣಿಯನ್ನು ಇನ್ನೂ ಹತ್ತಿರ ಒಯ್ಯಿರಿ ಎಂದು ಚಾಲಕರನ್ನು ದಯವಿಟ್ಟು ಒತ್ತಾಯಿಸಬೇಡಿ. ಗಾಬರಿಯಿಂದ ತಾಯಿ ಏಳುವಾಗ ಗಿಲಿಮಾಟ್‌ನ ಮೊಟ್ಟೆ ಬಂಡೆಯಂಚಿನಿಂದ ಉರುಳಿಬಿಡಬಹುದು. ಅದಕ್ಕೆ ಗೂಡೆಂಬುದೇ ಇಲ್ಲ.

ದಡಕ್ಕೆ ಬಂದೊಡನೆ ಲೆನ್ಸನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆ, ನಂತರ ಒಣಬಟ್ಟೆ.